ಮೂರೂ ದೊಡ್ಡ ರೇಸ್ ಗೆದ್ದ ತಂಡಕ್ಕೆ ಸ್ಪಾನ್ಸರ್ ಸಿಗೋದಿಲ್ಲ ಅಂದ್ರೆ ಹೇಗೆ?

ಹೊಸ_ಪೆಡಲ್:
ಎಲ್ಲರಿಗೂ ನಮಸ್ಕಾರ. ಮೂರ್ನಾಲ್ಕು ವರ್ಷದಿಂದ ಸೈಕಲ್ ರೇಸ್ ನೋಡುತ್ತಿದ್ದೇನೆ. ರೇಸ್ ಈಗೀಗ ಅರ್ಥವಾಗುತ್ತಿದೆ. ಅದರ ಹಿಂದಿನ ದುಡ್ಡಿನ ವಿಷಯ ಮಾತ್ರ ತಲೆಗೆ ಹೋಗುತ್ತಿಲ್ಲ.

2023ನ್ನೇ ತಗೊಳ್ಳಿ. ಜಂಬೊ-ವಿಸ್ಮಾ ತಂಡ ಒಂದೇ ವರ್ಷದಲ್ಲಿ ಇಟಲಿಯ ಜಿರೋ, ಫ್ರಾನ್ಸಿನ ಟೂರ್, ಸ್ಪೇನಿನ ವುಯೆಲ್ಟಾ, ಈ ಮೂರು ವಾರದ ರೇಸ್ ಮೂರನ್ನೂ ಗೆದ್ದಿತು. ಅದೂ ಮೂವರು ಬೇರೆ ಬೇರೆ ಸವಾರರು: ರೋಗ್ಲಿಚ್, ವಿಂಗೆಗೋರ್, ಸೆಪ್ ಕಸ್. ವುಯೆಲ್ಟಾದಲ್ಲಂತೂ ಮೊದಲ ಮೂರು ಸ್ಥಾನವೂ ಇವರದೇ. ಇಷ್ಟು ಗೆದ್ದವರ ಮನೆ ಮುಂದೆ ಸ್ಪಾನ್ಸರ್‌ಗಳು ಸಾಲುಗಟ್ಟಿ ನಿಂತಿರುತ್ತಾರೆ ಅಂದುಕೊಂಡಿದ್ದೆ. ನೋಡಿದರೆ ಜಂಬೊ ಸೂಪರ್‌ಮಾರ್ಕೆಟ್ ಹೊರಗೆ ಹೊರಟಿತ್ತು. ಅದೇ ಹೊತ್ತಿಗೆ ಎದುರಾಳಿ ಕ್ವಿಕ್‌ಸ್ಟೆಪ್ ಜೊತೆ ಸೇರಿ ಒಂದೇ ತಂಡವಾಗುವ ಮಾತುಕತೆ ನಡೆಯಿತು. ಅದೂ ಮುರಿದುಬಿತ್ತು. ಕೊನೆಗೆ ಸೈಕಲ್ ಬಾಡಿಗೆಗೆ ಕೊಡುವ ಲೀಸ್ ಎ ಬೈಕ್ ಕಂಪನಿ ಬಂದು ಕೈ ಹಿಡಿಯಿತು.

ಬೇರೆ ಆಟದಲ್ಲಿ ಎಲ್ಲಾ ಕಪ್ ಎತ್ತಿದ ತಂಡ ಹೀಗೆ ಪರದಾಡಿದ್ದನ್ನು ನಾನು ಕೇಳಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ಗಾಳಿಗೆದುರು:
ಬನ್ನಿ ಬನ್ನಿ. ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು.

ಒಂದು ಕೆಲಸ ಮಾಡಿ. ಸೈಕಲ್ ತಂಡದ ಹತ್ತಿರ ಮಾರೋಕೆ ಏನಿದೆ ಅಂತ ಯೋಚಿಸಿ. ಸ್ಟೇಡಿಯಂ ಇಲ್ಲ. ರಸ್ತೆ ಸಾರ್ವಜನಿಕರದ್ದು, ಬೆಟ್ಟದ ತಿರುವಿನಲ್ಲಿ ನಿಂತು ನೋಡುವವರಿಗೆ ಟಿಕೆಟ್ ಇಲ್ಲ. ಟಿವಿ ಹಕ್ಕು ರೇಸ್ ಆಯೋಜಕರ ಕೈಲಿದೆ, ಅದರಲ್ಲಿ ತಂಡಗಳಿಗೆ ನೇರ ಪಾಲಿಲ್ಲ. ಊರಿನ ಹೆಸರೂ ಇಲ್ಲ, ಅಂದರೆ ಅಪ್ಪನ ಕಾಲದಿಂದ ನಮ್ಮ ಮನೆಯವರೆಲ್ಲ ಇದೇ ತಂಡ ಅನ್ನುವ ಅಭಿಮಾನಿಗಳೂ ಕಡಿಮೆ. ಉಳಿಯುವುದು ಜೆರ್ಸಿ ಮೇಲಿನ ಜಾಗ ಒಂದೇ. ಅದನ್ನು ಬಾಡಿಗೆಗೆ ಕೊಡಬೇಕು. ತಂಡದ ಹೆಸರನ್ನೂ ಅದರ ಜೊತೆಗೇ ಕೊಡಬೇಕು.

ನೀವು ಹೇಳಿದ ತಂಡದ ಹೆಸರುಗಳನ್ನೇ ನೋಡಿ. ರಾಬೊಬ್ಯಾಂಕ್ ಅಂತಿತ್ತು. 2012ರಲ್ಲಿ ಅಮೆರಿಕದ ಸವಾರ ಆರ್ಮ್‌ಸ್ಟ್ರಾಂಗ್ ಡೋಪಿಂಗ್ (ಉದ್ದೀಪನ ಮದ್ದು) ವರದಿ ಹೊರಬಿದ್ದ ಮೇಲೆ ಬ್ಯಾಂಕ್ ಹೆಸರು ಕಿತ್ತುಕೊಂಡು ಹೋಯಿತು. ಮುಂದಿನ ವರ್ಷ 'ಬ್ಲಾಂಕೊ' ಅಂತ ಓಡಿದರು. ಅಂದರೆ ಖಾಲಿ! ಆಮೇಲೆ ಬೆಲ್ಕಿನ್, ಲೊಟ್ಟೊ-ಎನ್‌ಎಲ್ ಜಂಬೊ, ಜಂಬೊ-ವಿಸ್ಮಾ, ಈಗ ವಿಸ್ಮಾ-ಲೀಸ್ ಎ ಬೈಕ್. ಒಂದೇ ತಂಡ, ಆರು ಹೆಸರು.

ಹೊಸ_ಪೆಡಲ್:
ಬ್ಲಾಂಕೊ ಅಂದ್ರೆ ಯಾವುದೋ ಕಂಪನಿ ಅಂದುಕೊಂಡಿದ್ದೆ 😄 ಸರಿ, ಬಹುಮಾನದ ಹಣ ಇರುತ್ತಲ್ವಾ?

ಗಾಳಿಗೆದುರು:
ಇರುತ್ತೆ, ಚಿಲ್ಲರೆ. ಟೂರ್ ಗೆದ್ದವರಿಗೆ 5 ಲಕ್ಷ ಯೂರೋ. ಇಡೀ ಟೂರಿನ ಬಹುಮಾನ ಸೇರಿಸಿದರೆ ಸುಮಾರು 23 ಲಕ್ಷ. ಗೆದ್ದವನು ತನ್ನ ಹಣವನ್ನು ಜೇಬಿಗೆ ಹಾಕಿಕೊಳ್ಳುವ ರೂಢಿಯೂ ಇಲ್ಲ. ಜೊತೆ ಸವಾರರು, ಮೆಕ್ಯಾನಿಕ್‌ಗಳು, ಮಸಾಜ್ ಮಾಡುವವರು ಎಲ್ಲರಿಗೂ ಹಂಚುತ್ತಾರೆ. ಮೇಲಿನ ಹಂತದ ತಂಡ ಒಂದು ವರ್ಷ ನಡೆಯಲು ಕೋಟಿಗಟ್ಟಲೆ ಯೂರೋ ಬೇಕು. ಬಹುಮಾನ ನಂಬಿಕೊಂಡರೆ ಬಸ್ಸಿಗೆ ಡೀಸೆಲ್ ಹಾಕಿಸಬಹುದು, ಅಷ್ಟೇ.

ಕೊನೇ_ಕಿಲೋಮೀಟರ್:
ಈಗ ಎಲ್ಲರೂ ಸೇರಿ ಆಯೋಜಕರಿಗೆ ಬೈಯೋಕೆ ಶುರು ಮಾಡ್ತೀರಿ, ಗೊತ್ತು. ಅದಕ್ಕೆ ಮೊದಲೇ ಬರೆದುಬಿಡ್ತೀನಿ.

ಟೂರ್ ನಡೆಸುವ ಎಎಸ್‌ಒ ಕಂಪನಿ ಅಮೋರಿ ಕುಟುಂಬದ್ದು. ಲೆಕಿಪ್ ಪತ್ರಿಕೆಯೂ ಅವರದೇ. ದುಡ್ಡು ಮಾಡ್ತಾರೆ, ಇಲ್ಲ ಅನ್ನಲ್ಲ. ಆದರೆ ಪ್ಯಾರಿಸ್-ರೂಬೆ, ಲಿಯೇಜ್, ಪ್ಯಾರಿಸ್-ನೀಸ್ ಎಲ್ಲಾ ಅವರೇ ನಡೆಸ್ತಾರೆ. ಅವೆಲ್ಲ ಟೂರಿನಂತೆ ಹಣ ತರುವ ರೇಸ್‌ಗಳಲ್ಲ. ಟೂರ್ ದುಡಿದದ್ದರಲ್ಲಿ ಉಳಿದ ರೇಸ್‌ಗಳೂ ಬದುಕ್ತವೆ. ಮೂರು ವಾರ ನೂರಾರು ಊರು ದಾಟಿ ಹೋಗುವ ರೇಸಿಗೆ ಪೊಲೀಸ್, ಬ್ಯಾರಿಕೇಡ್, ಆಂಬುಲೆನ್ಸ್, ಹೆಲಿಕಾಪ್ಟರ್ ಹೊಂದಿಸುವ ತಲೆನೋವು ಯಾವ ತಂಡಕ್ಕೆ ಬೇಕು?

ಇನ್ನೊಂದು ಮಾತು. ಟಿವಿ ಹಣ ಹಂಚಿದರು ಅಂತಲೇ ಇಟ್ಟುಕೊಳ್ಳಿ. ಇಪ್ಪತ್ತೆರಡು, ಇಪ್ಪತ್ತಮೂರು ತಂಡಕ್ಕೆ ಭಾಗ ಮಾಡಿದರೆ ಒಬ್ಬೊಬ್ಬರಿಗೆ ಎಷ್ಟು ಬರುತ್ತೆ? ಒಬ್ಬ ಒಳ್ಳೇ ಸ್ಪ್ರಿಂಟರ್ ಸಂಬಳಕ್ಕೂ ಸಾಕಾಗುತ್ತೋ ಇಲ್ವೋ.

ಲೆಕ್ಕದ_ಬುಕ್ಕು:
ಕಡಿಮೆಯಾದರೂ ಗೊತ್ತಿರುವ ಹಣ, ಅದೇ ದೊಡ್ಡದು ಸರ್. ಬ್ಯಾಂಕಿನವರು ಸಾಲ ಕೊಡುವಾಗ ಕೇಳುವುದೇ ಅದನ್ನ: ಮುಂದಿನ ವರ್ಷ ಖಂಡಿತ ಬರೋದು ಎಷ್ಟು? ಸೈಕಲ್ ತಂಡದ ಉತ್ತರ ಸೊನ್ನೆ.

ನಾನು ಆ ಕಡೆ ಕೂತು ನೋಡಿದವನು, ಅದಕ್ಕೆ ಹೇಳ್ತಿದ್ದೇನೆ. ನಾನಿದ್ದ ಕಂಪನಿ ಒಂದು ಸಣ್ಣ ತಂಡಕ್ಕೆ ಸ್ಪಾನ್ಸರ್ ಆಗಿತ್ತು. ಹೆಸರು ಬೇಡ. ಒಪ್ಪಂದ ಆಗಿದ್ದು ಹೇಗೆ ಗೊತ್ತಾ? ನಮ್ಮ ದೊಡ್ಡ ಸಾಹೇಬರಿಗೆ ಸೈಕಲ್ ಹುಚ್ಚು. ಭಾನುವಾರ ಬೆಳಿಗ್ಗೆ ನೂರು ಕಿಲೋಮೀಟರ್ ತುಳಿದು ಬಂದು ಸೋಮವಾರ ಮೀಟಿಂಗ್‌ನಲ್ಲಿ ಅದೇ ಮಾತು. ತಂಡದ ಮ್ಯಾನೇಜರ್ ಬಂದರು, ಇಬ್ಬರೂ ಗೇರ್ ಬಗ್ಗೆ ಒಂದು ಗಂಟೆ ಮಾತಾಡಿದರು, ಸಹಿ ಬಿತ್ತು. ಎರಡು ವರ್ಷದ ನಂತರ ಸಾಹೇಬರು ಬದಲಾದರು. ಹೊಸಬರು ಗಾಲ್ಫ್ ಆಡುವವರು. ಬಜೆಟ್ ಹಾಳೆಯಲ್ಲಿ ಆ ಸಾಲಿಗೆ ಬಂದಾಗ 'ಇದೇನಿದು?' ಅಂದರು. ಯಾರೂ ಉತ್ತರ ಕೊಡಲಿಲ್ಲ. ಪೆನ್ನಿನಲ್ಲಿ ಒಂದು ಗೆರೆ ಎಳೆದರು.

ಆ ಗೆರೆ ಎಳೆದ ವಾರ ತಂಡ ಒಂದು ರೇಸ್ ಗೆದ್ದಿತ್ತು. ಗೆಲುವಿನ ಫೋಟೋ ನಮ್ಮ ರಿಸೆಪ್ಷನ್ ಗೋಡೆ ಮೇಲೇ ಇತ್ತು. ಇಪ್ಪತ್ತೈದು ಸವಾರರು, ಅಷ್ಟೇ ಸಿಬ್ಬಂದಿ. ಅವರಿಗೆ ಹೇಳುವ ಇಮೇಲ್ ಕರಡು ನಾನೇ ಬರೆದೆ. ಈಗಲೂ ಬೇಜಾರು.

ಹಾಗಾಗಿ ಗೆದ್ದರೆ ಸ್ಪಾನ್ಸರ್ ಉಳಿಯುತ್ತಾರೆ ಅನ್ನೋದು ಭ್ರಮೆ. ಕೆಲವೊಮ್ಮೆ ಗೆದ್ದರೇ ಕಷ್ಟ. ಸವಾರರ ಬೆಲೆ ಏರುತ್ತೆ, ಸ್ಪಾನ್ಸರ್ ಮಾತ್ರ 'ಬೇಕಾದ ಪ್ರಚಾರ ಸಿಕ್ಕಿತು, ಥ್ಯಾಂಕ್ಸ್' ಅಂತಾನೆ.

ಹಳೇ_ಟ್ಯೂಬ್:
ಬುಕ್ಕು ಹೇಳಿದ್ದಕ್ಕೆ ಸರಿಯಾದ ಉದಾಹರಣೆ ಎಚ್‌ಟಿಸಿ-ಹೈರೋಡ್. ಆ ವರ್ಷಗಳಲ್ಲಿ ಅವರಷ್ಟು ರೇಸ್ ಗೆದ್ದವರೇ ಇಲ್ಲ. 2011ರ ಟೂರ್‌ನಲ್ಲಿ ಕ್ಯಾವೆಂಡಿಶ್ ಹಸಿರು ಜೆರ್ಸಿ ಹಾಕಿಕೊಂಡು ಪ್ಯಾರಿಸ್‌ಗೆ ಬಂದ. ಮುಂದಿನ ತಿಂಗಳೇ ತಂಡ ಮುಚ್ಚುವ ಸುದ್ದಿ ಬಂತು.

ಅದಕ್ಕಿಂತ ನೋವಿನದು 2001ರ ಜನವರಿ. ಲಿಂಡಾ ಮೆಕಾರ್ಟ್ನಿ ತಂಡ, ಸಸ್ಯಾಹಾರಿ ಊಟದ ಬ್ರ್ಯಾಂಡ್ ಹೆಸರಿನದು. ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಹೊಸ ವರ್ಷದ ತಂಡವನ್ನು ತೋರಿಸುವ ದಿನ. ಆ ದಿನವೇ ಗೊತ್ತಾಯಿತು, ಇದೆ ಅಂದುಕೊಂಡ ಸ್ಪಾನ್ಸರ್ ಹಣ ಇಲ್ಲವೇ ಇಲ್ಲ ಅಂತ. ಆಗಷ್ಟೇ ಸಹಿ ಹಾಕಿದ್ದ ಹುಡುಗರಲ್ಲಿ ಬ್ರಾಡ್ಲಿ ವಿಗಿನ್ಸ್ ಕೂಡ ಒಬ್ಬ. ಮುಂದೆ 2012ರಲ್ಲಿ ಟೂರ್ ಗೆದ್ದವನು ಇವನೇ.

ಮತ್ತೆ 2009ರ ಜಿರೋ. ಅಸ್ತಾನಾ ತಂಡಕ್ಕೆ ಕಝಾಕಿಸ್ತಾನದ ಸ್ಪಾನ್ಸರ್‌ಗಳಿಂದ ಹಣ ಬರುತ್ತಿರಲಿಲ್ಲ, ಸಂಬಳ ನಿಂತಿತ್ತು. ಹುಡುಗರು ಏನು ಮಾಡಿದರು ಗೊತ್ತಾ? ಸ್ಟ್ರೈಕ್ ಅಲ್ಲ, ಗಲಾಟೆ ಅಲ್ಲ. ಒಂದು ಬೆಳಿಗ್ಗೆ ಹೊಸ ಜೆರ್ಸಿ ಹಾಕಿಕೊಂಡು ಬಂದರು. ದುಡ್ಡು ಕೊಡದವರ ಹೆಸರೆಲ್ಲ ಬಿಸಿಲಿಗೆ ಒಣಹಾಕಿ ಮರೆತ ಬಟ್ಟೆಯಂತೆ ಮಾಸಿ ಹೋಗಿದೆ. ಹತ್ತಿರದಿಂದ ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಓದಬಹುದು. ಗುಂಪಿನ ಮಧ್ಯೆ ಆರ್ಮ್‌ಸ್ಟ್ರಾಂಗ್ ಕೂಡ ಅದೇ ಜೆರ್ಸಿಯಲ್ಲಿ. ನಾನು ಟಿವಿ ಕೆಟ್ಟಿದೆ ಅಂತ ಬಣ್ಣದ ಗುಂಡಿ ತಿರುಗಿಸಿದೆ, ನಿಜವಾಗಿ!

ಕೊನೇ_ಕಿಲೋಮೀಟರ್:
😂😂 ಬಣ್ಣದ ಗುಂಡಿ! ಅಣ್ಣಾ, ನಿಮ್ಮ ವಯಸ್ಸು ಗೊತ್ತಾಗಿ ಹೋಯ್ತು.

ಹಳೇ_ಟ್ಯೂಬ್:
ಹೆಸರಲ್ಲೇ ಬರೆದಿದ್ದೀನಲ್ಲಪ್ಪಾ.

ವಯಸ್ಸಿನ ಮಾತು ಬಂತು, ಹಾಗಾಗಿ ಇನ್ನೂ ಹಳೇದು. ಈ ಜಗಳ ಇವತ್ತಿನದಲ್ಲ. ಟೂರ್ ಹುಟ್ಟಿದ್ದೇ 1903ರಲ್ಲಿ ಲೋಟೋ ಅನ್ನುವ ಪತ್ರಿಕೆ ಮಾರೋಕೆ. ಜಿರೋ 1909ರಲ್ಲಿ ಗಝೆಟ್ಟಾ ಪತ್ರಿಕೆಗಾಗಿ. ಸವಾರರು ಸೈಕಲ್ ಕಂಪನಿಗಳ ಆಳುಗಳು, ಆಯೋಜಕರು ಪತ್ರಿಕೆಯವರು. ಕಂಪನಿಗಳು ಒಳಗೊಳಗೇ ಆಟ ಕಟ್ಟುತ್ತವೆ ಅಂತ ಟೂರ್ ಕಟ್ಟಿದ ಆನ್ರಿ ದೆಗ್ರಾಂಜ್‌ಗೆ ಸಿಟ್ಟು. 1930ರಲ್ಲಿ ಕಂಪನಿ ತಂಡಗಳನ್ನೇ ಹೊರಗೆ ಹಾಕಿದ. ದೇಶಕ್ಕೊಂದು ತಂಡ, ಎಲ್ಲರಿಗೂ ಹೆಸರಿಲ್ಲದ ಹಳದಿ ಸೈಕಲ್. ಖರ್ಚಿಗೆ? ರೇಸಿನ ಮುಂದೆ ಜಾಹೀರಾತಿನ ವಾಹನಗಳ ಮೆರವಣಿಗೆ ಬಿಟ್ಟ. ಇವತ್ತು ರಸ್ತೆ ಬದಿಯ ಜನಕ್ಕೆ ಟೋಪಿ, ಕೀಚೈನ್ ಎಸೆಯುತ್ತಾ ಹೋಗುವ ಕ್ಯಾರವಾನ್ ಇದೆಯಲ್ಲ, ಅದರ ಮೂಲ ಇದು.

ಕಂಪನಿ ತಂಡಗಳು ಟೂರಿಗೆ ಮರಳಿ ಬಂದದ್ದು 1962ರಲ್ಲಿ. ಅಷ್ಟರಲ್ಲಿ ಇಟಲಿಯ ಸವಾರ ಮಾಞಿ 1954ರಲ್ಲೇ ನಿವಿಯಾ ಕ್ರೀಮ್ ಹೆಸರು ಎದೆ ಮೇಲೆ ಹಾಕಿಕೊಂಡಿದ್ದ. ಸೈಕಲ್ ಕಂಪನಿಗಳ ಹತ್ತಿರ ದುಡ್ಡಿರಲಿಲ್ಲ. ಸೈಕಲ್ಲಿಗೆ ಸಂಬಂಧವೇ ಇಲ್ಲದ ಸ್ಪಾನ್ಸರ್‌ಗಳ ಕಾಲ ಅಲ್ಲಿಂದ ಶುರು. ಮುಖಕ್ಕೆ ಹಚ್ಚುವ ಕ್ರೀಮ್‌ನಿಂದ.

ಹೊಸ_ಪೆಡಲ್:
ಇದೆಲ್ಲಾ ಗೊತ್ತೇ ಇರಲಿಲ್ಲ. ಹಾಗಾದ್ರೆ ವಿಶ್ವ ಸೈಕ್ಲಿಂಗ್ ಸಂಸ್ಥೆ ಯುಸಿಐ ಏನು ಮಾಡುತ್ತೆ? ಅದೇ ತಾನೇ ಎಲ್ಲರ ಮೇಲಿರೋದು?

ಗಾಳಿಗೆದುರು:
ಕಾಗದದ ಮೇಲೆ ಹೌದು. ಟೂರ್ ಅವರದಲ್ಲ, ಹಾಗಾಗಿ ಹಿಡಿತ ಕಡಿಮೆ. 2005ರಲ್ಲಿ ಪ್ರೊಟೂರ್ ಅಂತ ತಂದರು. ಲೈಸೆನ್ಸ್ ಇದ್ದ ತಂಡಕ್ಕೆ ದೊಡ್ಡ ರೇಸ್‌ಗಳಿಗೆಲ್ಲ ಪ್ರವೇಶ ಗ್ಯಾರಂಟಿ ಅಂದರು. ನಮ್ಮ ರೇಸಿಗೆ ಯಾರನ್ನು ಕರೆಯಬೇಕು ಅಂತ ನೀವ್ಯಾರು ಹೇಳೋಕೆ ಅಂತ ಆಯೋಜಕರು ತಿರುಗಿಬಿದ್ದರು. 2008ರಲ್ಲಿ ಪ್ಯಾರಿಸ್-ನೀಸ್ ರೇಸನ್ನು ಯುಸಿಐ ಬಿಟ್ಟು ಫ್ರೆಂಚ್ ಫೆಡರೇಶನ್ ಅಡಿಯಲ್ಲಿ ಓಡಿಸಿದರು. ಹೋದರೆ ಶಿಕ್ಷೆ ಅಂತ ಯುಸಿಐ ಹೆದರಿಸಿತು. ತಂಡಗಳು ಹೋದವು.

ಅದೇ ವರ್ಷ ಅಸ್ತಾನಾ ತಂಡಕ್ಕೆ ಟೂರಿನ ಕರೆ ಬರಲಿಲ್ಲ, ಹಿಂದಿನ ಡೋಪಿಂಗ್ ಹಗರಣದ ಕಾರಣಕ್ಕೆ. ಹಿಂದಿನ ವರ್ಷ ಟೂರ್ ಗೆದ್ದಿದ್ದ ಕೊಂತಾದೋರ್ ಆಗ ಆ ತಂಡದಲ್ಲಿದ್ದ. ಚಾಂಪಿಯನ್ ಮನೆಯಲ್ಲಿ! ಜಿರೋದವರು ರೇಸಿಗೆ ಒಂದು ವಾರ ಇದ್ದಾಗ ಕರೆದರು, ಆತ ರಜೆಯಲ್ಲಿದ್ದ. ಬಂದು ಜಿರೋ ಗೆದ್ದ. ವುಯೆಲ್ಟಾನೂ ಗೆದ್ದ.

ಲೆಕ್ಕದ_ಬುಕ್ಕು:
ಯುಸಿಐ ಬಗ್ಗೆ ಮಾತಾಡುವಾಗ ಆರ್ಮ್‌ಸ್ಟ್ರಾಂಗ್ ದೇಣಿಗೆ ಬಿಡಬೇಡಿ. ಒಟ್ಟು 1,25,000 ಡಾಲರ್. ಪರೀಕ್ಷೆ ಮಾಡಬೇಕಾದ ಸಂಸ್ಥೆಯೇ ಪರೀಕ್ಷೆಗೆ ಕೂರುವವನಿಂದ ದೇಣಿಗೆ ತಗೊಂಡಿತ್ತು. ಲಂಚ ಅಂತ ನಾನು ಹೇಳ್ತಿಲ್ಲ. ಆದರೆ ಯಾವ ಲೆಕ್ಕಪರಿಶೋಧಕ ಇದನ್ನು ಸರಿ ಅಂತಾನೆ?

ಸ್ಪಾನ್ಸರ್ ಕಡೆಯಿಂದಲೂ ಆ ಕಥೆ ನೋಡಿ. ಅಮೆರಿಕದ ಅಂಚೆ ಇಲಾಖೆ ಆರ್ಮ್‌ಸ್ಟ್ರಾಂಗ್ ಇದ್ದ ತಂಡಕ್ಕೆ 3 ಕೋಟಿ ಡಾಲರ್‌ಗೂ ಮೀರಿ ಸುರಿಯಿತು. ಕೊನೆಗೆ ಡೋಪಿಂಗ್ ಮುಚ್ಚಿಟ್ಟು ಹಣ ಪಡೆದರು ಅಂತ ಸರ್ಕಾರವೇ ಕೋರ್ಟಿಗೆ ಹೋಯಿತು. 2018ರಲ್ಲಿ 50 ಲಕ್ಷ ಡಾಲರ್‌ಗೆ ರಾಜಿ. ಆಮೇಲೆ ಯಾವ ಮಾರ್ಕೆಟಿಂಗ್ ಮ್ಯಾನೇಜರ್ ಧೈರ್ಯವಾಗಿ ಸೈಕಲ್ ತಂಡಕ್ಕೆ ಸಹಿ ಹಾಕ್ತಾನೆ ಹೇಳಿ.

ಚೈನ್‌ರಿಂಗ್:
ಡೋಪಿಂಗ್‌ಗೆ ಬೇರೆ ಎಳೆ ಇದೆ, ಅಲ್ಲೇ ಹೊಡೆದಾಡೋಣ. ಇಲ್ಲಿ ಪಾಯಿಂಟ್ಸ್ ಬಗ್ಗೆ ಯಾರೂ ಹೇಳಲಿಲ್ವಲ್ಲ? ತಂಡಗಳ ಉಸಿರು ಕಟ್ಟಿಸಿದ್ದು ಅದೇ.

ಗಾಳಿಗೆದುರು:
ಹೇಳ್ತೀನಿ. ಮೇಲಿನ ಹಂತದಲ್ಲಿ 18 ಲೈಸೆನ್ಸ್. 2020ರಿಂದ 2022ರವರೆಗಿನ ಮೂರು ವರ್ಷದ ಪಾಯಿಂಟ್ಸ್ ಕೂಡಿಸಿ, ಕೆಳಗಿರುವವರನ್ನು ಇಳಿಸುತ್ತೇವೆ ಅಂದರು. ಇಳಿದರೆ ಟೂರಿನ ಪ್ರವೇಶ ಗ್ಯಾರಂಟಿ ಇಲ್ಲ. ಟೂರ್ ಇಲ್ಲ ಅಂದರೆ ಸ್ಪಾನ್ಸರ್ ಇಲ್ಲ.

ಮಜಾ ಇರೋದು ಲೆಕ್ಕದಲ್ಲಿ. ಆಗ ಟೂರ್‌ನ ಒಂದು ಸ್ಟೇಜ್ (ಒಂದು ದಿನದ ಓಟ) ಗೆದ್ದರೆ 120 ಪಾಯಿಂಟ್. ಯಾರೂ ನೋಡದ 1.1 ದರ್ಜೆಯ ಒಂದು ದಿನದ ರೇಸ್ ಗೆದ್ದರೆ 125! ಆಲ್ಪ್ಸ್ ಹತ್ತಿ ಜೀವನದ ದೊಡ್ಡ ಗೆಲುವು ಸಾಧಿಸಿದವನಿಗಿಂತ, ಮಂಗಳವಾರ ಮಧ್ಯಾಹ್ನ ಎಲ್ಲೋ ಒಂದು ಊರು ಸುತ್ತಿ ಬಂದವನಿಗೆ ಐದು ಪಾಯಿಂಟ್ ಜಾಸ್ತಿ. 2022ರಲ್ಲಿ ತಂಡಗಳು ಒಳ್ಳೊಳ್ಳೆ ಸವಾರರನ್ನೆಲ್ಲ ಸಣ್ಣ ರೇಸಿಗೆ ಅಟ್ಟಿದವು. ಗೆಲ್ಲೋಕೆ ನುಗ್ಗೋದು ಬಿಟ್ಟು ಏಳನೇ, ಎಂಟನೇ ಸ್ಥಾನ ಕಾಪಾಡಿಕೊಳ್ಳುವ ಆಟ. ಕೊನೆಗೆ ಲೊಟ್ಟೊ ಮತ್ತು ಇಸ್ರೇಲ್-ಪ್ರೀಮಿಯರ್ ಟೆಕ್ ಇಳಿದವು. ಆಮೇಲೆ ಟೂರ್ ಸ್ಟೇಜ್ ಗೆಲುವಿಗೆ 210 ಮಾಡಿದರು.

ಕೊನೇ_ಕಿಲೋಮೀಟರ್:
ಇಳಿಕೆ-ಏರಿಕೆ ತಪ್ಪಲ್ಲ ಗುರು. ಯಾವ ಲೀಗ್‌ನಲ್ಲಿ ಇಲ್ಲ? ಆಲ್ಪೆಸಿನ್ ತಂಡ ಮೇಲೆ ಬಂದದ್ದು ಅದರಿಂದಲೇ. ವ್ಯಾನ್ ಡರ್ ಪೂಲ್‌ನಂಥ ದೊಡ್ಡ ಸವಾರ ಇರುವ ತಂಡ ಎರಡನೇ ದರ್ಜೆಯಲ್ಲಿ ಕೊಳೆಯಬೇಕಿತ್ತಾ?

ಗಾಳಿಗೆದುರು:
ತಪ್ಪು ಅಂದೆನಾ? ಫುಟ್‌ಬಾಲ್ ಕ್ಲಬ್ ಇಳಿದರೆ ಸ್ಟೇಡಿಯಂ ಇರುತ್ತೆ, ಊರು ಇರುತ್ತೆ, ಎರಡು ವರ್ಷ ಬಿಟ್ಟು ಮತ್ತೆ ಏರಬಹುದು. ಸೈಕಲ್ ತಂಡ ಇಳಿದರೆ ಬಸ್ಸು ಮಾರಬೇಕು. ಅರ್ಕೇಆ ತಂಡ 2023ಕ್ಕೆ ಮೇಲೆ ಬಂದಿತ್ತು, 2025ರ ಕೊನೆಗೆ ಬಾಗಿಲು ಹಾಕಿತು. ಅದೇ ಹೊತ್ತಿಗೆ ಲೊಟ್ಟೊ, ಇಂಟರ್‌ಮಾರ್ಶೆ ಎರಡೂ ಸೇರಿ ಒಂದಾದವು. ಎರಡು ತಂಡ ಒಂದಾದರೆ ಸವಾರರು ಅರ್ಧ ಆಗ್ತಾರೆ. ಉಳಿದರ್ಧ ನವೆಂಬರ್‌ನಲ್ಲಿ ಫೋನ್ ಹಿಡಿದು ಕೂರಬೇಕು.

ಬೆಟ್ಟದ_ಹುಡುಗಿ:
ಆ ಬಾಗಿಲು ಹಾಕಿದ ಅರ್ಕೇಆದಲ್ಲಿ ಮಹಿಳಾ ತಂಡವೂ ಇತ್ತು. ಅದನ್ನು ಯಾರೂ ಬರೆಯಲಿಲ್ಲ ನೋಡಿ. ಯಾವಾಗಲೂ ಹೀಗೇ. ಗಂಡಸರ ತಂಡದ ಸ್ಪಾನ್ಸರ್ ಹೋದರೆ ಹೆಂಗಸರದ್ದು ತಾನಾಗೇ ಹೋಗುತ್ತೆ.

ಮೇಲಿನ ಹಂತವಾದ ಮಹಿಳಾ ವರ್ಲ್ಡ್‌ಟೂರ್‌ನಲ್ಲಿ ಕನಿಷ್ಠ ಸಂಬಳ ಅಂತ ಬಂದದ್ದೇ 2020ರಲ್ಲಿ, ವರ್ಷಕ್ಕೆ 15,000 ಯೂರೋ. ಅದಕ್ಕೆ ಮೊದಲು ನಿಯಮವೇ ಇರಲಿಲ್ಲ. 2023ಕ್ಕೆ 32,102 ಆಯಿತು, ಗಂಡಸರಿಗೆ ಆಗ 42,047. ನಿಜ ಹೇಳಬೇಕೆಂದರೆ ಈ ವಿಷಯದಲ್ಲಿ ಯುಸಿಐ ಒಳ್ಳೆ ಕೆಲಸ ಮಾಡಿದೆ. ಬೈಯುವಾಗ ಬೈತೀನಿ, ಇದಕ್ಕೆ ಬೈಯಲ್ಲ.

ಎಎಸ್‌ಒ ವಿಷಯಕ್ಕೆ ಬಂದರೆ, 1984ರಿಂದ 1989ರವರೆಗೆ ಮಹಿಳಾ ಟೂರ್ ಇತ್ತು. ನಿಲ್ಲಿಸಿದರು. 2014ರಲ್ಲಿ ಒಂದು ದಿನದ ರೇಸ್ ಕೊಟ್ಟು ಸಮಾಧಾನ ಮಾಡಿದರು. ಸರಿಯಾದ ಟೂರ್ ಮತ್ತೆ ಬಂದದ್ದು 2022ರಲ್ಲಿ. ಗೆದ್ದವಳಿಗೆ 50,000 ಯೂರೋ, ಗಂಡಸರ ಹತ್ತರಲ್ಲಿ ಒಂದು. 'ಜನ ನೋಡಲ್ಲ' ಅಂತ ಅಷ್ಟು ವರ್ಷ ಹೇಳಿದರಲ್ಲ, ರಸ್ತೆ ಬದಿಯ ಗುಂಪು ನೋಡಿದಿರಾ?

ಕೊನೇ_ಕಿಲೋಮೀಟರ್:
ಇದರಲ್ಲಿ ಮೇಡಂ ಹೇಳಿದ್ದು ಸರಿ. ಎಎಸ್‌ಒ ಪರ ವಾದ ಮಾಡೋ ನನಗೂ ಇಲ್ಲಿ ಮಾತಿಲ್ಲ.

ಬೆಟ್ಟದ_ಹುಡುಗಿ:
ಇನ್ನೂ ಇದೆ. 2024ರಲ್ಲಿ ಜ್ಯೂರಿಕ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಜೂನಿಯರ್ ಸವಾರಳು ಮುರಿಯೆಲ್ ಫುರರ್ ತೀರಿಕೊಂಡಳು. ಮಳೆ, ಕಾಡಿನ ಇಳಿಜಾರು. ಆಕೆ ಬಿದ್ದದ್ದು ಬಹಳ ಹೊತ್ತು ಯಾರಿಗೂ ಗೊತ್ತಾಗಲಿಲ್ಲ. ಎಲ್ಲರೂ ಜಿಪಿಎಸ್ ಬೇಕು ಅಂದರು. ಮರುವರ್ಷ ಆಗಸ್ಟ್‌ನಲ್ಲಿ ಮಹಿಳೆಯರ ಟೂರ್ ದ ರೊಮಾಂದಿಯಲ್ಲಿ ಪರೀಕ್ಷೆಗೆ ತಂದರು. ತಂಡಕ್ಕೊಬ್ಬ ಸವಾರಳ ಸೈಕಲ್ಲಿಗೆ ಟ್ರ್ಯಾಕರ್ ಹಾಕಬೇಕು, ಯಾರಿಗೆ ಅಂತ ತಂಡವೇ ಹೇಳಬೇಕು. ಐದು ತಂಡ ಹೆಸರು ಕೊಡಲಿಲ್ಲ. ಐದನ್ನೂ ಹೊರಗೆ ಹಾಕಿದರು. ಒಳಜಗಳ ಏನು? ಆ ಮಾಹಿತಿ ಯಾರದು, ಮುಂದೆ ಅದರಿಂದ ಹಣ ಬಂದರೆ ಯಾರಿಗೆ.

ಒಂದು ಹುಡುಗಿಯ ಸಾವಿನಿಂದ ಶುರುವಾದ ವಿಷಯ ಡೇಟಾ ಯಾರ ಆಸ್ತಿ ಅನ್ನುವಲ್ಲಿಗೆ ಬಂದು ನಿಂತಿತು. ಎರಡೂ ಕಡೆಯವರ ಮೇಲೂ ನನಗೆ ಸಿಟ್ಟಿದೆ. ರೇಸ್ ಓಡೋಕೆ ಬಂದಿದ್ದ ಸವಾರಳಿಗೆ ಮಾತ್ರ ಬ್ಯಾಗ್ ಕಟ್ಟಿಕೊಂಡು ವಾಪಸ್.

ಚೈನ್‌ರಿಂಗ್:
ಸುರಕ್ಷತೆ ಹೆಸರಲ್ಲಿ ನಮ್ಮ ಕಡೆಯೂ ಒಂದು ತಮಾಷೆ ಆಯಿತು. ವೇಗ ಜಾಸ್ತಿಯಾಯಿತು, ದೊಡ್ಡ ಗೇರ್‌ಗೆ ಮಿತಿ ಹಾಕೋಣ ಅಂದಿತು ಯುಸಿಐ. 2025ರ ಅಕ್ಟೋಬರ್‌ನಲ್ಲಿ ಚೀನಾದ ಗ್ವಾಂಗ್‌ಶಿ ರೇಸಿನಲ್ಲಿ ಪ್ರಯೋಗ. ಮುಂದೆ 54 ಹಲ್ಲು, ಹಿಂದೆ 11, ಅದಕ್ಕಿಂತ ದೊಡ್ಡ ಗೇರ್ ಬೇಡ.

ಗೇರ್ ಕಂಪನಿ ಶಿಮಾನೊ ಸೆಟ್‌ನಲ್ಲಿ ಹಿಂದಿನ ಸಣ್ಣ ಚಕ್ರ 11 ಹಲ್ಲಿನದೇ, ಹಾಗಾಗಿ ಅವರಿಗೆ ಏನೂ ತೊಂದರೆ ಇಲ್ಲ. ಅವರ ಎದುರಾಳಿ ಕಂಪನಿ ಸ್ರ್ಯಾಮ್‌ನವರದ್ದು 10 ಹಲ್ಲು. ಸ್ರ್ಯಾಮ್ ಬಳಸುವ ಸವಾರರು ಆ ಚಕ್ರವನ್ನು ಬಳಸದಂತೆ ಲಾಕ್ ಮಾಡಿಕೊಂಡು ಓಡಬೇಕು. ಎದುರಾಳಿಗೆ ಹನ್ನೆರಡು ಗೇರ್, ಇವರಿಗೆ ಹನ್ನೊಂದು. ಸ್ರ್ಯಾಮ್ ಬೆಲ್ಜಿಯಂನ ಸ್ಪರ್ಧಾ ಪ್ರಾಧಿಕಾರಕ್ಕೆ ದೂರು ಕೊಟ್ಟಿತು, ಅವರು ಪ್ರಯೋಗವನ್ನೇ ತಡೆದರು. ಒಂದು ಹಲ್ಲಿಗಾಗಿ ಕಾನೂನು ಜಗಳ! ಆದರೆ ಗೇರ್ ಕಂಪನಿಯೇ ತಂಡದ ದೊಡ್ಡ ಸ್ಪಾನ್ಸರ್ ಆಗಿರುವಾಗ ಆ ಒಂದು ಹಲ್ಲಿನ ಬೆಲೆ ಕಡಿಮೆ ಅಲ್ಲ.

ಹೊಸ_ಪೆಡಲ್:
ನಾನು ಒಂದು ಪ್ರಶ್ನೆ ಕೇಳಿದೆ, ಹತ್ತು ಜಗಳ ಸಿಕ್ಕಿತು. ಇನ್ನೊಂದು ಕೇಳಿಬಿಡ್ತೀನಿ. ಯುಎಇ, ಬಹ್ರೇನ್, ಅಸ್ತಾನಾ, ಜೆರ್ಸಿ ಮೇಲೆ ಸೌದಿಯ ಅಲ್‌ಉಲಾ. ಕಂಪನಿಗಳು ಓಡಿಹೋಗುತ್ತವೆ ಅಂದರೆ ದೇಶಗಳು ಯಾಕೆ ಬರ್ತಿವೆ?

ಲೆಕ್ಕದ_ಬುಕ್ಕು:
ಕಂಪನಿಗೆ ಲಾಭ ತೋರಿಸಬೇಕು, ದೇಶಕ್ಕೆ ಹೆಸರು ಸಾಕು. ಅಷ್ಟೇ ವ್ಯತ್ಯಾಸ. ಟೂರ್ ಚಾಂಪಿಯನ್ ಪೊಗಾಚಾರ್ 2030ರವರೆಗೆ ಯುಎಇ ತಂಡಕ್ಕೆ ಸಹಿ ಹಾಕಿದ್ದಾನೆ. ಅಷ್ಟು ದೂರದ ಮಾತು ಕೊಡುವ ಸ್ಪಾನ್ಸರ್ ಈ ಆಟದಲ್ಲಿ ಎಷ್ಟು ಜನ? ಅವರ ಜೊತೆ ಪೈಪೋಟಿಗೆ ನಿಲ್ಲಬೇಕಾದರೆ ಕಿಸೆ ಅಷ್ಟೇ ಆಳ ಇರಬೇಕು. ರೆಡ್‌ಬುಲ್ ಬೋರಾ ತಂಡದ 51 ಶೇಕಡಾ ತಗೊಂಡದ್ದು, ಲಿಡ್ಲ್ ಸೂಪರ್‌ಮಾರ್ಕೆಟ್ ತಾನು ಸ್ಪಾನ್ಸರ್ ಮಾಡುವ ತಂಡದ ದೊಡ್ಡ ಪಾಲನ್ನೇ ಕೊಂಡದ್ದು ಆ ಕಾರಣಕ್ಕೆ. ನಡುವೆ ಸಿಕ್ಕಿಕೊಂಡವರು ಸಾಯುತ್ತಿದ್ದಾರೆ. ವಿಮೆ ಕಂಪನಿ, ನೆಲಹಾಸು ಕಂಪನಿ, ಲಾಟರಿ ನಂಬಿದ ತಂಡಗಳು.

ಒನ್ ಸೈಕ್ಲಿಂಗ್ ಅಂತ ಒಂದು ಯೋಜನೆ ಇತ್ತು. ಕೆಲವು ತಂಡಗಳು ಸೇರಿ ಸೌದಿ ಹಣದಲ್ಲಿ ಹೊಸ ರೇಸ್ ಸರಣಿ, ಆದಾಯದಲ್ಲಿ ತಂಡಗಳಿಗೂ ಪಾಲು. 2025ರ ಜೂನ್‌ನಲ್ಲಿ ಯುಸಿಐ ಆಗಲ್ಲ ಅಂದಿತು. ಎಎಸ್‌ಒ ಮೊದಲಿನಿಂದಲೂ ಹತ್ತಿರ ಸುಳಿದಿರಲಿಲ್ಲ. ಟೂರ್ ಇಲ್ಲದ ಸರಣಿ ಅಂದರೆ ಮದುಮಗ ಇಲ್ಲದ ಮದುವೆ.

ಹಳೇ_ಟ್ಯೂಬ್:
ದೇಶದ ಹೆಸರು ಹೊತ್ತರೆ ದೇಶದ ಜಗಳವೂ ಹೊರಬೇಕು. 2025ರ ವುಯೆಲ್ಟಾ ನೋಡಿದವರಿಗೆ ಹೇಳಬೇಕಿಲ್ಲ. ಗಾಜಾ ಯುದ್ಧದ ವಿರುದ್ಧ ಇಸ್ರೇಲ್-ಪ್ರೀಮಿಯರ್ ಟೆಕ್ ತಂಡ ಹೊರಗೆ ಹೋಗಲಿ ಅಂತ ಪ್ರತಿಭಟನೆ. ಬಿಲ್ಬಾವೊ ಸ್ಟೇಜ್‌ಗೆ ವಿಜೇತನೇ ಇಲ್ಲ. ಸೆಪ್ಟೆಂಬರ್ 14ಕ್ಕೆ ಮ್ಯಾಡ್ರಿಡ್‌ನಲ್ಲಿ ಕೊನೆ ಸ್ಟೇಜ್ ಅರ್ಧಕ್ಕೆ ನಿಂತಿತು, ಪೋಡಿಯಂ ಸಮಾರಂಭ ರದ್ದು.

ರಾತ್ರಿ ಒಂದು ಹೋಟೆಲ್ ಪಾರ್ಕಿಂಗ್ ಜಾಗದಲ್ಲಿ ತಂಡಗಳವರೇ ಪೋಡಿಯಂ ಮಾಡಿದರು. ಬಾಟಲಿ ತಣ್ಣಗಿಡುವ ಐಸ್ ಪೆಟ್ಟಿಗೆಗಳನ್ನು ಜೋಡಿಸಿ. ಮೂರು ವಾರ ತುಳಿದು ಗೆದ್ದ ವಿಂಗೆಗೋರ್ ಐಸ್ ಪೆಟ್ಟಿಗೆ ಮೇಲೆ ನಿಂತಿದ್ದ. ಅಕ್ಕಪಕ್ಕ ಅಲ್ಮೇಡಾ, ಪಿಡ್‌ಕಾಕ್. ಸುತ್ತ ಕಾರುಗಳು.

ಕೊನೇ_ಕಿಲೋಮೀಟರ್:
ಕ್ರೀಡೆಗೆ ರಾಜಕೀಯ ತರಬಾರದು. ಸವಾರರು ಏನು ತಪ್ಪು ಮಾಡಿದ್ದಾರೆ? ರಸ್ತೆಗೆ ಅಡ್ಡ ಬಂದರೆ ಪ್ರಾಣಕ್ಕೇ ಕುತ್ತು.

ಬೆಟ್ಟದ_ಹುಡುಗಿ:
ರಸ್ತೆಗೆ ಅಡ್ಡ ಬರಬಾರದು, ಒಪ್ಪಿದೆ. ಆದರೆ ರಾಜಕೀಯ ತರಬಾರದು ಅನ್ನೋದು ಯಾರಿಗೆ? 2022ರ ಮಾರ್ಚ್‌ನಲ್ಲಿ ರಷ್ಯಾದ ಗ್ಯಾಸ್ ಕಂಪನಿ ಗ್ಯಾಝ್‌ಪ್ರಾಮ್ ತಂಡದ ಪರವಾನಗಿ ಕಿತ್ತುಕೊಂಡಾಗ ಇದೇ ಮಾತು ಎಲ್ಲಿತ್ತು? ಅಲ್ಲಿದ್ದ ಇಟಲಿಯ ಸವಾರರೂ ಬೀದಿಗೆ ಬಿದ್ದರು. ಜೆರ್ಸಿ ಮೇಲೆ ದೇಶದ ಹೆಸರು ಮಾರಿಕೊಳ್ಳುವಾಗ ರಾಜಕೀಯ ಅಲ್ಲ, ಜನ ಕೇಳಿದಾಗ ರಾಜಕೀಯ ಅಂದರೆ ಹೇಗೆ?

ಕೊನೇ_ಕಿಲೋಮೀಟರ್:
ಎರಡೂ ಒಂದೇ ಅಲ್ಲ. ಒಂದು ಸರ್ಕಾರಿ ಕಂಪನಿ, ಇನ್ನೊಂದು ಖಾಸಗಿ ಮಾಲೀಕನ ತಂಡ. ಹೀಗೆ ಹೊರಟರೆ ಅರ್ಧ ಪೆಲೊಟಾನ್ (ರೇಸ್ ಓಡುವ ಗುಂಪು) ಖಾಲಿ ಮಾಡಬೇಕು.

ಬೆಟ್ಟದ_ಹುಡುಗಿ:
ಅದೇ ನಾನು ಹೇಳ್ತಿರೋದು! ಅರ್ಧ ಪೆಲೊಟಾನ್ ಇವರ ಹಣದಲ್ಲೇ ನಿಂತಿದೆ.

ನಿರ್ವಾಹಕ:
ಇಬ್ಬರೂ ಒಂದು ನಿಮಿಷ. ಯುದ್ಧದ ಬಗ್ಗೆ ಇಲ್ಲಿ ಬೇಡ, ತಂಡ ಮತ್ತು ರೇಸಿನ ಬಗ್ಗೆ ಇರಲಿ. ಎರಡು ಕಾಮೆಂಟ್ ತೆಗೆದಿದ್ದೇನೆ.

ಗಾಳಿಗೆದುರು:
ತಂಡದ ಬಗ್ಗೆಯೇ ಹೇಳ್ತೀನಿ. ಸವಾರರ ಸುರಕ್ಷತೆಗೆ ಅಂತ ರೇಸಿನ ನಡುವೆಯೇ ಇಸ್ರೇಲ್ ತಂಡ ಜೆರ್ಸಿಯಿಂದ ದೇಶದ ಹೆಸರು ತೆಗೆದಿತ್ತು. ಆಮೇಲೆ ಸ್ಪಾನ್ಸರ್ ಪ್ರೀಮಿಯರ್ ಟೆಕ್ ಹೊರಟಿತು. 2026ಕ್ಕೆ ತಂಡ ಎನ್‌ಎಸ್‌ಎನ್ ಅನ್ನುವ ಹೊಸ ಹೆಸರಿನಲ್ಲಿ ಬಂತು. ಇಷ್ಟಾದರೂ ಯುಸಿಐ ಯಾವ ದೇಶದ ಹಣ ಬರಬಹುದು, ಯಾವುದು ಬರಬಾರದು ಅನ್ನೋದಕ್ಕೆ ಬರೆದಿಟ್ಟ ನಿಯಮ ಮಾಡುವ ಬದಲು ಪ್ರತಿ ಸಲ ಒಂದೊಂದು ಹೇಳಿಕೆ ಕೊಡ್ತಾ ಕೂತಿದೆ. ನನ್ನ ತಕರಾರು ಅಲ್ಲಿ.

ಚೈನ್‌ರಿಂಗ್:
ನೋಡುವವರ ಬಗ್ಗೆಯೂ ಒಂದು ಸಾಲು. ಬ್ರಿಟನ್‌ನಲ್ಲಿ ಯೂರೋಸ್ಪೋರ್ಟ್ ಚಾನೆಲ್ ಮುಚ್ಚಿ 2025ರಲ್ಲಿ ಎಲ್ಲವನ್ನೂ ಟಿಎನ್‌ಟಿ ಚಾನೆಲ್‌ಗೆ ಹಾಕಿದರು. ತಿಂಗಳಿಗೆ 6.99 ಪೌಂಡ್ ಇದ್ದದ್ದು 30.99 ಆಯಿತು. ಐಟಿವಿಯಲ್ಲಿ ಉಚಿತವಾಗಿ ಬರುತ್ತಿದ್ದ ಟೂರ್‌ಗೂ ಅದೇ ಕೊನೆ ವರ್ಷ. ನೋಡುವವರು ಕಡಿಮೆಯಾದರೆ ಜೆರ್ಸಿ ಜಾಗಕ್ಕೆ ಬಾಡಿಗೆ ಎಲ್ಲಿಂದ ಬರಬೇಕು? ಟಿವಿ ಹಕ್ಕು ಮಾರಿದ ಹಣ ಆಯೋಜಕರಿಗೆ, ಜನ ಕಡಿಮೆಯಾದ ನಷ್ಟ ತಂಡಗಳಿಗೆ.

ಕೊನೇ_ಕಿಲೋಮೀಟರ್:
ಈ ಏಟು ಸರಿಯಾಗಿ ಬಿತ್ತು. ಯೋಚನೆ ಮಾಡಿ ಉತ್ತರ ಕೊಡ್ತೀನಿ.

ಹೊಸ_ಪೆಡಲ್:
ಎಲ್ಲರಿಗೂ ಥ್ಯಾಂಕ್ಸ್. ಎರಡು ಸಲ ಓದಿದೆ. ಒಂದು ಸಣ್ಣ ವಿಷಯ. ಇಷ್ಟದ ತಂಡದ ಜೆರ್ಸಿ ಒಂದು ತಗೋಬೇಕು ಅಂತಿದ್ದೆ. ಈಗ ಭಯ ಆಗ್ತಿದೆ. ಮುಂದಿನ ವರ್ಷ ಹೆಸರೇ ಬದಲಾದರೆ?

ಹಳೇ_ಟ್ಯೂಬ್:
ಮುಚ್ಚಿಹೋದ ತಂಡದ್ದು ತಗೊಳ್ಳಿ. ಹೆಸರು ಬದಲಾಗಲ್ಲ. ನನ್ನ ಹತ್ತಿರ ಎಚ್‌ಟಿಸಿದು ಎರಡಿದೆ, ಒಂದು ಈಗ ಹೊಟ್ಟೆಗೆ ಬರ್ತಿಲ್ಲ. ಮೀಡಿಯಂ ಸೈಜ್, ಜಿಪ್ ಸ್ವಲ್ಪ ಗಟ್ಟಿ. ಬೇಕಾದರೆ ಮೆಸೇಜ್ ಹಾಕಿ.

ಕೊನೇ_ಕಿಲೋಮೀಟರ್:
ಅಣ್ಣಾ, ಆ ಮಾಸಿದ ಅಸ್ತಾನಾ ಜೆರ್ಸಿ ಇದೆಯಾ? ಇದ್ದರೆ ನಾನು ಮೊದಲು.

ಹಳೇ_ಟ್ಯೂಬ್:
ಅದಿದ್ದರೆ ನಿನಗ್ಯಾಕೆ ಕೊಡ್ತೀನಪ್ಪಾ.